ಗಜನಿ ಗದ್ದೆಗಳ ಸಿಗಡಿಯ ವಯಸ್ಸನ್ನೂ ಬೆಳವಣಿಗೆಯನ್ನೂ ಅಂದಾಜು ಮಾಡುವ ಕ್ರಮ

(ಗ್ರಾಮಸ್ಥರ ಸಭೆಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



ದನದ ವಯಸ್ಸನ್ನು ಹಲ್ಲು ನೋಡಿ ಹೇಳುವುದು ರೈತರಿಗೆಲ್ಲ ತಿಳಿದ ವಿದ್ಯೆಯಾಗಿದೆ. ಕಡಿದ ತೇಗದ ಬುಡದಲ್ಲಿ ಬಳೆಗಳನ್ನೆಣಿಸಿದರೆ ಮರದ ವಯಸ್ಸು ತಿಳಿಯುತ್ತದೆ. ಅನೇಕ ಜಾತಿಯ ಮೀನುಗಳಲ್ಲಿ ಸಹ ಕಿವಿಯೊಳಗಿನ ಸಣ್ಣ ಕಲ್ಲಿನಲ್ಲಿಯೂ ಮೈಮೇಲಿನ ಹುರುಪೆಯಲ್ಲಿಯೂ ಬೆಳವಣಿಗೆಯ ಗೆರೆಗಳು ಬೀಳುತ್ತವೆ. ಸಿಗಡಿಗೆ ಮಾತ್ರ ಹೀಗೆ ನಂಬಬಹುದಾದ ಗುರುತು ಯಾವುದೂ ಇರುವುದಿಲ್ಲ. ಬುಟ್ಟಿಯಲ್ಲಿರುವ ಒಂದು ಸಿಗಡಿಯನ್ನು ಕೈಗೆತ್ತಿಕೊಂಡು ಅದು ಎರಡು ತಿಂಗಳಿನದೋ ಆರು ತಿಂಗಳಿನದೋ ಎಂದು ಹೇಳಲು ಯಾರಿಂದಲೂ ಆಗದು.

ಆದರೂ ಈ ಸಂಗತಿಯನ್ನು ತಿಳಿಯದೆ ಇರುವುದರಿಂದ ಗದ್ದೆಯ ಒಡೆಯನಿಗೆ ಪ್ರತಿವರ್ಷವೂ ನಷ್ಟವುಂಟು. ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ನದಿಯ ಅಳಿವೆಯ ಇಕ್ಕೆಲಗಳಲ್ಲಿ ಗಜನಿ ಗದ್ದೆಗಳಿವೆ. ಮಳೆಗಾಲದಲ್ಲಿ ಅಲ್ಲಿ ಉಪ್ಪನ್ನು ತಡೆಯುವ ಕಗ್ಗ ಭತ್ತವನ್ನು ಬೆಳೆಯುವುದೂ, ಕೊಯ್ಲಾದ ಮೇಲೆ ಭರತದ ನೀರನ್ನು ತೂಬಿನಿಂದ ಒಳಗೆ ಬಿಟ್ಟು ಸಿಗಡಿಯನ್ನೂ ಮೀನನ್ನೂ ಹಿಡಿಯುವುದೂ ಬಹುಕಾಲದಿಂದ ನಡೆದುಬಂದಿರುತ್ತದೆ. ಬೀಜ, ಗೊಬ್ಬರ, ಮೇವು ಯಾವುದನ್ನೂ ಕೊಡದೆ ಬರುವ ಈ ಎರಡನೆಯ ಬೆಳೆಗೆ ಬೇಕಾದ್ದು ಒಂದೇ: ಬಲೆಯನ್ನು ಯಾವಾಗ ಒಡ್ಡಬೇಕೆಂಬ ತಿಳಿವಳಿಕೆ. ಬೇಗ ಒಡ್ಡಿದರೆ ಮರಿಗಳು ಬುಟ್ಟಿಗೆ ಬೀಳುತ್ತವೆ. ತಡಮಾಡಿದರೆ ಬೆಳೆದವು ಸತ್ತುಹೋಗುತ್ತವೆ, ಇಲ್ಲವೆ ಸಮುದ್ರಕ್ಕೆ ಹೊರಟುಹೋಗುತ್ತವೆ. ಈ ನಡುವಿನ ಸರಿಯಾದ ಕಾಲವನ್ನು ಒಂದು ಹಲಗೆ, ಒಂದು ಲೆಕ್ಕದ ಪುಸ್ತಕ, ಸ್ವಲ್ಪ ತಾಳ್ಮೆ, ಇವುಗಳಿಂದ ಊರಿನವರೇ ಕಂಡುಕೊಳ್ಳಬಹುದೆಂಬುದನ್ನು ತಿಳಿಸುವುದು ಈ ಭಾಷಣದ ಉದ್ದೇಶವಾಗಿದೆ.

1. ಸಿಗಡಿಯ ಜೀವನಕ್ರಮ

ಗಜನಿಯಲ್ಲಿ ಸಿಗುವ ಸಿಗಡಿಗಳಲ್ಲಿ ಮುಖ್ಯವಾದವು ಎರಡು ವರ್ಗಕ್ಕೆ ಸೇರಿದವು. ಬಿಳಿ ಸಿಗಡಿ ಎಂದರೆ ಪೀನಿಯಸ್ ಇಂಡಿಕಸ್, ಮೈಮೇಲೆ ಅಡ್ಡಪಟ್ಟೆಗಳುಳ್ಳ ಹುಲಿ ಸಿಗಡಿ ಎಂದರೆ ಪೀನಿಯಸ್ ಮಾನೊಡಾನ್, ಇವು ಮೊದಲನೆಯ ವರ್ಗ. ಸಣ್ಣ ಜಾತಿಗಳಾದ ಮೆಟಾಪೀನಿಯಸ್ ಡಾಬ್ಸೋನಿ, ಮೆಟಾಪೀನಿಯಸ್ ಮಾನೊಸಿರಾಸ್, ಇವು ಎರಡನೆಯ ವರ್ಗ. ಹುಲಿ ಸಿಗಡಿ 30 ಸೆಂಟಿಮೀಟರಿಗೂ ಮೀರಿ ಬೆಳೆಯಬಲ್ಲದು. ಡಾಬ್ಸೋನಿಯಾದರೋ ಸುಮಾರು 13 ಸೆಂಟಿಮೀಟರನ್ನು ದಾಟುವುದಿಲ್ಲ. ಆದಕಾರಣ 10 ಸೆಂಟಿಮೀಟರಿನ ಹುಲಿ ಸಿಗಡಿಯು ಇನ್ನೂ ಮರಿ. ಅದೇ ಉದ್ದದ ಡಾಬ್ಸೋನಿಯು ಪ್ರಾಯಕ್ಕೆ ಬಂದದ್ದು. ಜಾತಿಯನ್ನು ತಿಳಿಯದೆ ಉದ್ದದಿಂದ ವಯಸ್ಸನ್ನು ಊಹಿಸುವುದು ಎಮ್ಮೆಯ ಕರುವನ್ನೂ ಬೆಳೆದ ಮೇಕೆಯನ್ನೂ ಒಂದೇ ಅಳತೆಗೋಲಿನಿಂದ ಅಳೆದಂತೆ.

ಈ ಜಾತಿಗಳೆಲ್ಲ ಸಮುದ್ರದಲ್ಲಿ ಮೊಟ್ಟೆಯಿಡುತ್ತವೆ. ಒಂದು ದೊಡ್ಡ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಬಿಡುತ್ತದೆ. ಒಂದು ದಿನದೊಳಗಾಗಿ ಅವು ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಹೊರಬರುತ್ತವೆ. ಹಲವು ರೂಪಗಳನ್ನು ತಾಳಿ ಸುಮಾರು ಎರಡು ವಾರಗಳಲ್ಲಿ ಅವು ಸಿಗಡಿಯ ಆಕಾರವನ್ನು ಪಡೆಯುತ್ತವೆ. ಬಳಿಕ ಭರತದೊಡನೆ ಅಳಿವೆಯನ್ನು ಸೇರಿ, ಹಿನ್ನೀರಿನಲ್ಲಿಯೂ ಗಜನಿಯಲ್ಲಿಯೂ ಕೆಲವು ತಿಂಗಳು ಬೆಳೆದು, ಪ್ರಾಯಕ್ಕೆ ಬರುವ ಹೊತ್ತಿಗೆ ಇಳಿತದೊಡನೆ ಸಮುದ್ರಕ್ಕೆ ಮರಳುತ್ತವೆ. ಗದ್ದೆಯಲ್ಲಿರುವ ಸಿಗಡಿಯು ಊರಿನ ಶಾಶ್ವತ ನಿವಾಸಿಯಲ್ಲ. ಬೆಳೆಯುವುದಕ್ಕಾಗಿ ಬಂದು ಹೋಗುವ ಅತಿಥಿ. ವಯಸ್ಸಿನ ಲೆಕ್ಕದಲ್ಲಿ ಈ ಮಾತನ್ನು ಎಂದಿಗೂ ಮರೆಯತಕ್ಕದ್ದಲ್ಲ.

2. ಒಂದೊಂದು ಸಿಗಡಿಯ ವಯಸ್ಸು ಏತಕ್ಕೆ ತಿಳಿಯದು

ಸಿಗಡಿಯ ಮೈಮೇಲೆ ಗಟ್ಟಿಯಾದ ಚಿಪ್ಪಿನ ಹೊದಿಕೆಯಿದೆ. ಈ ಹೊದಿಕೆಯು ಹಿಗ್ಗುವುದಿಲ್ಲ. ಆದಕಾರಣ ಸಿಗಡಿಯು ಹಾವಿನಂತೆ ಪೊರೆ ಕಳಚುತ್ತದೆ. ಹೊಸ ಚಿಪ್ಪು ಮೆತ್ತಗಿರುವ ಅಲ್ಪಕಾಲದಲ್ಲಿ ನೀರನ್ನು ಹೀರಿ ಮೈಯನ್ನು ಹಿಗ್ಗಿಸಿಕೊಳ್ಳುತ್ತದೆ. ಚಿಪ್ಪು ಗಟ್ಟಿಯಾದ ಮೇಲೆ ಮುಂದಿನ ಪೊರೆಯ ವರೆಗೆ ಉದ್ದ ಹೆಚ್ಚುವುದಿಲ್ಲ. ಮರಿಗಳು ಕೆಲವೇ ದಿನಗಳಿಗೊಮ್ಮೆಯೂ ದೊಡ್ಡವು ಕೆಲವು ವಾರಗಳಿಗೊಮ್ಮೆಯೂ ಪೊರೆ ಬಿಡುತ್ತವೆ. ಹೀಗೆ ಅದರ ಬೆಳವಣಿಗೆಯು ಏಣಿಯ ಮೆಟ್ಟಲಿನಂತಿರುತ್ತದೆಯೇ ಹೊರತು ಬಳ್ಳಿಯಂತೆ ಸತತವಾಗಿರುವುದಿಲ್ಲ. ಪ್ರತಿಯೊಂದು ಪೊರೆಯೊಡನೆ ಮೈಮೇಲಿನ ಗುರುತುಗಳೆಲ್ಲ ಹೊರಟುಹೋಗುತ್ತವೆ.

2012ರಲ್ಲಿ ಕೆನಡಾ ದೇಶದ ರವೂಫ್ ಕಿಲಾಡಾ ಮತ್ತು ಸಂಗಡಿಗರು, ತಣ್ಣೀರಿನ ಸಿಗಡಿ, ಏಡಿ ಮೊದಲಾದುವುಗಳ ಕಣ್ಣಿನ ಕಾಂಡದಲ್ಲಿಯೂ ಜಠರದ ಅರೆಯುವ ಭಾಗದಲ್ಲಿಯೂ ವರ್ಷಕ್ಕೊಂದರಂತೆ ಗೆರೆಗಳು ಬೀಳುತ್ತವೆಂದು ಪ್ರಕಟಿಸಿದರು. ಆದರೆ ಆ ಭಾಗಗಳು ಸಹ ಪೊರೆಯೊಡನೆ ಕಳಚುತ್ತವೆಂದು ಬೇರೆ ಸಂಶೋಧಕರು ಅನಂತರ ತೋರಿಸಿದ್ದರಿಂದ ಈ ವಿಷಯದಲ್ಲಿ ವಿವಾದವುಂಟಾಗಿರುತ್ತದೆ. ಅದು ಹೇಗೇ ಇರಲಿ, ನಮ್ಮ ಬೆಚ್ಚನೆಯ ನೀರಿನಲ್ಲಿ ತಿಂಗಳುಗಳಲ್ಲಿಯೇ ಬೆಳೆದು ಹೋಗುವ ಪ್ರಾಣಿಗೆ ವರ್ಷದ ಗೆರೆಯಿಂದ ಪ್ರಯೋಜನವು ಅತ್ಯಲ್ಪ.

3. ಗುಂಪಿನ ವಯಸ್ಸನ್ನು ತಿಳಿಯಬಹುದು

ಒಂದರ ವಯಸ್ಸು ತಿಳಿಯದಿದ್ದರೂ ಗುಂಪಿನ ವಯಸ್ಸು ತಿಳಿಯುತ್ತದೆ. ಶಾಲೆಯ ಮಕ್ಕಳನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸಿದರೆ, ಒಂದೊಂದು ತರಗತಿಯವರು ಹೆಚ್ಚುಕಡಮೆ ಒಂದೊಂದು ಕಡೆ ಗುಂಪಾಗುವರು. ಅದರಂತೆ ಒಂದೇ ಕಾಲದಲ್ಲಿ ಹುಟ್ಟಿ ಒಂದೇ ಕಾಲದಲ್ಲಿ ಗದ್ದೆಗೆ ಬಂದ ಸಿಗಡಿಗಳು ಸರಿಸುಮಾರು ಒಂದೇ ಉದ್ದದವಾಗಿರುತ್ತವೆ. ನೂರಾರು ಸಿಗಡಿಗಳನ್ನು ಅಳೆದು, ಯಾವ ಉದ್ದದವು ಎಷ್ಟು ಎಂದು ಎಣಿಸಿದರೆ, ಕೆಲವು ಉದ್ದಗಳಲ್ಲಿ ಲೆಕ್ಕವು ಗುಡ್ಡದಂತೆ ಏರಿ ನಡುವೆ ತಗ್ಗು ಬೀಳುತ್ತದೆ. ಒಂದೊಂದು ಗುಡ್ಡವೂ ಒಂದೊಂದು ತಂಡ. ಹದಿನೈದು ದಿನ ಬಿಟ್ಟು ಮತ್ತೆ ಅಳೆದರೆ ಆ ಗುಡ್ಡವು ಮುಂದಕ್ಕೆ ಸರಿದಿರುತ್ತದೆ. ಸರಿದ ದೂರವೇ ಹದಿನೈದು ದಿನದ ಬೆಳವಣಿಗೆ.

ಡೆನ್ಮಾರ್ಕಿನ ಪೀಟರ್‌ಸನ್ ಎಂಬ ವಿದ್ವಾಂಸನು 1891ರಲ್ಲಿ ಮೀನುಗಳ ವಿಷಯವಾಗಿ ಈ ಕ್ರಮವನ್ನು ಪ್ರಕಟಿಸಿದನು. 1981ರಲ್ಲಿ ಡೇನಿಯಲ್ ಪಾಲಿ ಮತ್ತು ಡೇವಿಡ್ ಎಂಬವರು ಇದೇ ಕೆಲಸವನ್ನು ಗಣಕಯಂತ್ರದಿಂದ ಮಾಡುವ ವಿಧಾನವನ್ನು ರಚಿಸಿದರು. ಭಾರತದಲ್ಲಿ 1947ರಲ್ಲಿ ಸ್ಥಾಪಿತವಾದ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನ ಸಂಸ್ಥೆಯವರೂ ದಕ್ಕೆಗಳಲ್ಲಿ ಸಿಗಡಿಯನ್ನು ಅಳೆದು ಈ ಮಾರ್ಗದಿಂದಲೇ ಬೆಳವಣಿಗೆಯನ್ನು ಗೊತ್ತುಮಾಡಿರುತ್ತಾರೆ. ಯಂತ್ರವು ಲೆಕ್ಕವನ್ನು ಬೇಗ ಮಾಡುತ್ತದೆ. ಮೂಲವಾದ ಅಳತೆಯು ಮಾತ್ರ ಕೈಯಿಂದಲೇ ಆಗಬೇಕು.

4. ಅಳೆಯುವ ಕ್ರಮ

ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಭರತ ಇಳಿತಗಳಲ್ಲಿ ತೂಬಿನ ನೀರಿನ ಓಟವು ಹೆಚ್ಚಾಗಿರುವುದರಿಂದ ಆ ದಿನಗಳನ್ನೇ ಅಳತೆಗೆ ಗೊತ್ತುಮಾಡುವುದು ಅನುಕೂಲ. ಇದರಿಂದ ದಿನವು ಮರೆಯುವುದಿಲ್ಲ. ಅಳತೆಗಳ ನಡುವಣ ಕಾಲವೂ ಸಮನಾಗಿರುತ್ತದೆ.

ಒಂದು ಹಲಗೆಯ ತುದಿಯಲ್ಲಿ ಅಡ್ಡಪಟ್ಟಿಯನ್ನು ಬಡಿದು, ಅಲ್ಲಿಂದ ಮುಂದಕ್ಕೆ ಐದೈದು ಮಿಲಿಮೀಟರಿಗೆ ಗೆರೆ ಹಾಕಬೇಕು. ಸಿಗಡಿಯನ್ನು ನೆಟ್ಟಗೆ ಮಲಗಿಸಿ, ಮೂತಿಯ ಮುಳ್ಳನ್ನು ಅಡ್ಡಪಟ್ಟಿಗೆ ತಾಕಿಸಿ, ಬಾಲದ ನಡುಮುಳ್ಳಿನ ತುದಿಯು ಯಾವ ಗೆರೆಯೊಳಗೆ ಬರುವುದೋ ಅದನ್ನು ಬರೆಯತಕ್ಕದ್ದು. ಮೂತಿಯ ಮುಳ್ಳು ಮುರಿದವನ್ನು ಬಿಟ್ಟುಬಿಡಬೇಕು. ಬುಟ್ಟಿಯ ಮೇಲ್ಭಾಗದಿಂದ ದೊಡ್ಡವನ್ನು ಆರಿಸತಕ್ಕದ್ದಲ್ಲ. ಬುಟ್ಟಿಯನ್ನು ಕಲಸಿ, ಒಂದು ಬೊಗಸೆ ತೆಗೆದು, ಅದರಲ್ಲಿ ಬಂದದ್ದನ್ನೆಲ್ಲ ಅಳೆಯಬೇಕು. ಹೀಗೆ ಜಾತಿಯೊಂದಕ್ಕೆ 200 ಸಿಗಡಿಗಳಾದರೂ ಆಗುವುದು ಒಳ್ಳೆಯದು.

ಜಾತಿಯನ್ನು ಬೇರ್ಪಡಿಸಲು ಸುಲಭವಾದ ಗುರುತೊಂದಿದೆ. ಪೀನಿಯಸ್ ವರ್ಗದ ಸಿಗಡಿಯ ಮೂತಿಯ ಮುಳ್ಳಿಗೆ ಮೇಲೂ ಕೆಳಗೂ ಹಲ್ಲುಗಳಿರುತ್ತವೆ. ಮೆಟಾಪೀನಿಯಸ್ ವರ್ಗಕ್ಕೆ ಮೇಲ್ಗಡೆ ಮಾತ್ರ ಇರುತ್ತವೆ. ಗಂಡುಹೆಣ್ಣುಗಳ ಭೇದವನ್ನೂ ಗಮನಿಸಬೇಕು. ಯಾತಕ್ಕೆಂದರೆ ಈ ಜಾತಿಗಳಲ್ಲಿ ಹೆಣ್ಣು ಗಂಡಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಗಂಡಿಗೆ ಈಜುಗಾಲುಗಳ ಮೊದಲನೆಯ ಜೊತೆಯ ನಡುವೆ ಕೂಡಿಕೊಂಡಿರುವ ಒಂದು ಅಂಗವಿದೆ. ಹೆಣ್ಣಿಗೆ ಕಡೆಯ ನಡೆಗಾಲುಗಳ ನಡುವೆ ತಟ್ಟೆಯಂಥ ಗುರುತಿದೆ. ತೀರ ಸಣ್ಣ ಮರಿಗಳಲ್ಲಿ ಇದು ಸ್ಪಷ್ಟವಿಲ್ಲವಾದ್ದರಿಂದ ಅವನ್ನು ಒಟ್ಟಾಗಿ ಬರೆಯಬಹುದು.

ಓದುಬರಹ ಬಾರದವರಿಗೂ ಈ ಲೆಕ್ಕವು ಕಷ್ಟವಲ್ಲ. ಜಗಲಿಯ ಮೇಲೆ ಸುಣ್ಣದಿಂದ ಸಾಲಾಗಿ ಮನೆಗಳನ್ನು ಬರೆದು, ಅಳೆದ ಸಿಗಡಿಯೊಂದಕ್ಕೆ ಒಂದು ಹುಣಿಸೆಬೀಜದಂತೆ ಆಯಾ ಉದ್ದದ ಮನೆಯಲ್ಲಿ ಇಡುತ್ತ ಹೋದರೆ, ಗುಡ್ಡ ಯಾವುದು ತಗ್ಗು ಯಾವುದು ಎಂಬುದು ಕಣ್ಣಿಗೇ ಕಾಣುತ್ತದೆ. ಅನಂತರ ಪುಸ್ತಕದಲ್ಲಿ ಬರೆಯಿಸಬಹುದು.

5. ಲೆಕ್ಕವನ್ನು ಓದುವಾಗ ಆಗುವ ತಪ್ಪುಗಳು

ಮೊದಲನೆಯದು, ಸರಾಸರಿಯನ್ನು ನಂಬುವುದು. ದೃಷ್ಟಾಂತಕ್ಕಾಗಿ, ಒಂದು ಹುಣ್ಣಿಮೆಯಲ್ಲಿ ಅಳೆದ 200 ಸಿಗಡಿಗಳ ಸರಾಸರಿ ಉದ್ದ 42 ಮಿಲಿಮೀಟರ್ ಇತ್ತೆಂದು ಇಟ್ಟುಕೊಳ್ಳೋಣ. ಮುಂದಿನ ಅಮಾವಾಸ್ಯೆಗೆ ಆ ತಂಡವು 52ಕ್ಕೆ ಬೆಳೆದಿದೆ. ಅಷ್ಟರಲ್ಲಿ ಭರತದೊಡನೆ 26 ಮಿಲಿಮೀಟರಿನ ಹೊಸ ತಂಡವೊಂದು ಒಳಬಂದಿದೆ. ಬೊಗಸೆಯಲ್ಲಿ ಎರಡೂ ನೂರು ನೂರು ಬಂದರೆ ಸರಾಸರಿಯು 39 ಆಗುತ್ತದೆ. ಸರಾಸರಿಯನ್ನು ಮಾತ್ರ ನೋಡಿದವನು ಸಿಗಡಿ ಕುಗ್ಗಿತೆಂದು ಭ್ರಮಿಸಿ, ಕಾಯುವುದು ವ್ಯರ್ಥವೆಂದು ಬಲೆ ಒಡ್ಡುವನು. ವಾಸ್ತವದಲ್ಲಿ ಅವನ ಸಿಗಡಿ 10 ಮಿಲಿಮೀಟರ್ ಬೆಳೆದಿದೆ. ಆದಕಾರಣ ಗುಡ್ಡವನ್ನು ನೋಡಬೇಕೇ ಹೊರತು ಸರಾಸರಿಯನ್ನಲ್ಲ.

ಎರಡನೆಯದು, ಹೊರಟುಹೋದವನ್ನು ಮರೆಯುವುದು. ತಂಡದಲ್ಲಿ ಬೇಗ ಬೆಳೆದವು ಮೊದಲು ಸಮುದ್ರಕ್ಕೆ ಹೋಗುತ್ತವೆ. ಹಿಂದುಳಿದವು ಗದ್ದೆಯಲ್ಲಿ ಇರುತ್ತವೆ. ಇದರಿಂದ ಗುಡ್ಡವು ಒಂದು ಉದ್ದಕ್ಕೆ ಬಂದು ನಿಂತಂತೆ ತೋರುತ್ತದೆ. ಇದು ಬೆಳವಣಿಗೆ ನಿಂತದ್ದರ ಗುರುತಲ್ಲ, ಬೆಳೆದವು ಹೊರಟದ್ದರ ಗುರುತು. ತೂಬಿನ ಹೊರಬಾಯಿಯಲ್ಲಿ ಇಳಿತದ ಕಾಲದಲ್ಲಿ ಹಿಡಿದವನ್ನೂ ಗದ್ದೆಯ ನಡುವೆ ಹಿಡಿದವನ್ನೂ ಬೇರೆ ಬೇರೆ ಅಳೆದರೆ ಈ ಸಂಗತಿಯು ಹೊರಪಡುತ್ತದೆ.

ಮೂರನೆಯದು, ಬಲೆಯ ಕಣ್ಣು. ದೊಡ್ಡ ಕಣ್ಣಿನ ಬಲೆಯಲ್ಲಿ ಮರಿಗಳು ನುಸುಳಿಹೋಗುವುದರಿಂದ ಅವು ಇಲ್ಲವೆಂದೇ ತೋರುತ್ತದೆ. ಅಳತೆಗೆ ಪ್ರತಿಸಲವೂ ಒಂದೇ ಸಣ್ಣ ಕಣ್ಣಿನ ಬಲೆಯನ್ನು ಸ್ವಲ್ಪ ಹೊತ್ತು ಮಾತ್ರ ಬಳಸಿ, ಅಳೆದಾದ ಕೂಡಲೆ ಜೀವದಿಂದಿರುವ ಮರಿಗಳನ್ನು ನೀರಿಗೆ ಬಿಡತಕ್ಕದ್ದು.

ನಾಲ್ಕನೆಯದು, ವಯಸ್ಸನ್ನು ಗದ್ದೆಗೆ ಬಂದ ದಿನದಿಂದ ಎಣಿಸುವುದು. ಒಳಬರುವ ಮರಿಗೆ ಆಗಲೇ ಎರಡು ಮೂರು ವಾರ ವಯಸ್ಸಾಗಿರುತ್ತದೆ. ಹುಟ್ಟಿದಂದಿನಿಂದ ವಯಸ್ಸು ಬೇಕಾದರೆ ಅದನ್ನು ಸೇರಿಸಿಕೊಳ್ಳಬೇಕು.

6. ಬೆಳವಣಿಗೆಯ ವೇಗ

ಸಿಗಡಿಯು ಪ್ರತಿತಿಂಗಳೂ ಒಂದೇ ಸಮನಾಗಿ ಉದ್ದವಾಗುವುದಿಲ್ಲ. ಮೊದಮೊದಲು ಬೇಗನೆಯೂ ಬರಬರುತ್ತ ನಿಧಾನವಾಗಿಯೂ ಬೆಳೆದು ಒಂದು ಮೇರೆಯನ್ನು ಸಮೀಪಿಸುತ್ತದೆ. ಈ ಕ್ರಮವನ್ನು ಆಸ್ಟ್ರಿಯ ದೇಶದ ಬರ್ಟಲಾನ್‌ಫಿ ಎಂಬ ಜೀವಶಾಸ್ತ್ರಜ್ಞನು ಸೂತ್ರರೂಪಕ್ಕೆ ತಂದನು. 1938ರ ಅವನ ಲೇಖನವು ಪ್ರಸಿದ್ಧವಾಗಿದೆ. ಅದರ ತಾತ್ಪರ್ಯವಿಷ್ಟೆ: ಈಗಿನ ಉದ್ದಕ್ಕೂ ಮೇರೆಯ ಉದ್ದಕ್ಕೂ ಇರುವ ಅಂತರದಲ್ಲಿ ಪ್ರತಿತಿಂಗಳೂ ಒಂದೇ ಪಾಲು ತುಂಬುತ್ತದೆ.

ಉದಾಹರಣೆಗೆ, ಮೇರೆಯು 120 ಮಿಲಿಮೀಟರ್, ಈಗಿನ ಉದ್ದ 40, ತಿಂಗಳಿಗೆ ತುಂಬುವ ಪಾಲು ನಾಲ್ಕನೆಯ ಒಂದು ಎಂದುಕೊಳ್ಳೋಣ. ಅಂತರ 80; ಅದರ ಕಾಲುಪಾಲು 20; ಆದ್ದರಿಂದ ಒಂದು ತಿಂಗಳಿಗೆ ಉದ್ದ 60. ಉಳಿದ ಅಂತರ 60. ಅದರ ಕಾಲುಪಾಲು 15. ಎರಡನೆಯ ತಿಂಗಳಿಗೆ 75. ಮೂರನೆಯ ತಿಂಗಳಿಗೆ ಸುಮಾರು 86.

ಈ ಮೇರೆಯನ್ನೂ ಪಾಲನ್ನೂ ಕಂಡುಹಿಡಿಯಲು ದೊಡ್ಡ ಗಣಿತವು ಬೇಡ. 1946ರಲ್ಲಿ ವಾಲ್‌ಫರ್ಡ್ ಎಂಬವನು ತೋರಿಸಿದ ನಕ್ಷೆಯ ಮಾರ್ಗವನ್ನೇ ಬಾಯಿಲೆಕ್ಕಕ್ಕೆ ತರಬಹುದು. 40ರಲ್ಲಿದ್ದಾಗ ತಿಂಗಳ ಬೆಳವಣಿಗೆ 20, 60ರಲ್ಲಿದ್ದಾಗ 15. ಉದ್ದವು 20 ಹೆಚ್ಚಿದ್ದಕ್ಕೆ ಬೆಳವಣಿಗೆ 5 ಕಡಮೆಯಾಯಿತು. ಎಂದರೆ ಪಾಲು ನಾಲ್ಕನೆಯ ಒಂದು. ಉಳಿದ 15 ಸಹ ಹೀಗೆಯೇ ತೀರಲು ಉದ್ದವು ಇನ್ನೂ 60 ಹೆಚ್ಚಬೇಕು. ಆದಕಾರಣ ಮೇರೆಯು 120. ಈ ಅಂಕಿಗಳು ಲೆಕ್ಕದ ದಾರಿಯನ್ನು ತೋರಿಸುವುದಕ್ಕಾಗಿ ಇಟ್ಟುಕೊಂಡವು. ಜಾತಿ, ನೀರಿನ ಬಿಸಿ, ಉಪ್ಪು, ಆಹಾರ ಇವುಗಳಂತೆ ಪಾಲು ಬೇರೆಯಾಗುವುದರಿಂದ, ಒಂದೊಂದು ಗಜನಿಯ ಅಂಕಿಯನ್ನೂ ಆ ಗಜನಿಯ ಪುಸ್ತಕದಿಂದಲೇ ತೆಗೆಯಬೇಕು. ಎರಡೇ ಅಳತೆಗಳಿಂದ ತೆಗೆದದ್ದು ಕಚ್ಚಾ ಅಂದಾಜು. ಅಳತೆಗಳು ಹೆಚ್ಚಿದಷ್ಟೂ ಅದು ಗಟ್ಟಿಯಾಗುತ್ತದೆ.

7. ಬಲೆಯನ್ನು ಯಾವಾಗ ಒಡ್ಡಬೇಕು

ಉದ್ದ ಎರಡರಷ್ಟಾದರೆ ತೂಕವು ಎರಡರಷ್ಟಾಗುವುದಿಲ್ಲ, ಸುಮಾರು ಎಂಟರಷ್ಟಾಗುತ್ತದೆ. ಉದ್ದದೊಡನೆ ಅಗಲವೂ ದಪ್ಪವೂ ಹೆಚ್ಚುವುದೇ ಇದಕ್ಕೆ ಕಾರಣ. ಸಣ್ಣದನ್ನು ಹಿಡಿಯುವುದರಿಂದಾಗುವ ನಷ್ಟದ ಮೂಲವಿರುವುದು ಇಲ್ಲಿಯೇ. ಆದರೆ ಕಾದಷ್ಟೂ ಲಾಭವೆಂಬುದೂ ಸರಿಯಲ್ಲ. ದಿನದಿನವೂ ಮೀನು, ಏಡಿ, ಹಕ್ಕಿಗಳಿಗೆ ಸಿಕ್ಕಿ ಸಿಗಡಿಯ ಸಂಖ್ಯೆಯು ಇಳಿಯುತ್ತಿರುತ್ತದೆ.

ಮೇಲಿನ ದೃಷ್ಟಾಂತವನ್ನೇ ಮುಂದುವರಿಸೋಣ. ಗದ್ದೆಯಲ್ಲಿ 40 ಮಿಲಿಮೀಟರಿನ 10,000 ಸಿಗಡಿಗಳಿದ್ದು ಅವುಗಳ ತೂಕ 5 ಕಿಲೋಗ್ರಾಂ ಇರಲಿ. ಪ್ರತಿತಿಂಗಳೂ ಹತ್ತರಲ್ಲಿ ನಾಲ್ಕು ಸತ್ತೋ ಹೊರಟೋ ಹೋಗಲಿ. ಒಂದು ತಿಂಗಳಿಗೆ 6,000 ಉಳಿದರೂ ಅವು 60 ಮಿಲಿಮೀಟರಿನವಾಗಿ ತೂಕವು ಸುಮಾರು 10 ಕಿಲೋಗ್ರಾಂ ಆಗುತ್ತದೆ. ಎರಡು ತಿಂಗಳಿಗೆ ಉಳಿದದ್ದು 3,600. ತೂಕ ಸುಮಾರು 12 ಕಿಲೋಗ್ರಾಂ. ಮೂರು ತಿಂಗಳಿಗೆ ಉಳಿದದ್ದು 2,160; ತೂಕ ಸುಮಾರು 11 ಕಿಲೋಗ್ರಾಂ. ಮೊದಲನೆಯ ದಿನವೇ ಬಲೆ ಒಡ್ಡಿದವನಿಗೆ ಸಿಕ್ಕುವುದು 5 ಕಿಲೋಗ್ರಾಂ. ಎರಡು ತಿಂಗಳು ತಾಳಿದವನಿಗೆ ಅದೇ ಗದ್ದೆಯಿಂದ ಎರಡರಷ್ಟಕ್ಕಿಂತ ಹೆಚ್ಚು. ಮೂರನೆಯ ತಿಂಗಳಿನ ತಾಳ್ಮೆಯಿಂದ ತೂಕ ಹೆಚ್ಚಲಿಲ್ಲ. ದೊಡ್ಡ ಸಿಗಡಿಗೆ ಪೇಟೆಯಲ್ಲಿ ಹೆಚ್ಚಿನ ದರವಿದ್ದರೆ ಮಾತ್ರ ಅದು ಸಾರ್ಥಕ.

ಸಂಖ್ಯೆ ಎಷ್ಟು ಇಳಿಯಿತೆಂಬುದನ್ನು ತಿಳಿಯುವ ಬಗೆ ಹೇಗೆಂದರೆ, ಪ್ರತಿ ಪಕ್ಷವೂ ಅದೇ ಬಲೆಯನ್ನು ಅದೇ ಸ್ಥಳದಲ್ಲಿ ಅಷ್ಟೇ ಹೊತ್ತು ಒಡ್ಡಿ, ಒಂದೇ ಗುಡ್ಡಕ್ಕೆ ಸೇರಿದವು ಎಷ್ಟು ಬಂದವೆಂದು ಬರೆಯುವುದು. ಒಂದು ತಿಂಗಳಲ್ಲಿ 400 ಇದ್ದದ್ದು 240 ಆದರೆ ಹತ್ತರಲ್ಲಿ ನಾಲ್ಕು ಹೋದವೆಂದು ಅಂದಾಜು ಮಾಡಬಹುದು. ಗಾಳಿ, ಕತ್ತಲೆ, ನೀರಿನ ಓಟ ಇವುಗಳಿಂದ ಒಂದು ರಾತ್ರಿಯ ಲೆಕ್ಕ ಹೆಚ್ಚುಕಡಮೆಯಾಗುವುದು ಸಹಜ. ಆದಕಾರಣ ಒಂದೇ ರಾತ್ರಿಯ ಲೆಕ್ಕದಿಂದ ತೀರ್ಮಾನಕ್ಕೆ ಬರತಕ್ಕದ್ದಲ್ಲ.

8. ಊರಿನ ಮುಖಂಡರ ಹೊಣೆ

ಗಜನಿಯನ್ನು ಸಿಗಡಿಗಾಗಿ ಗುತ್ತಿಗೆಗೆ ಕೊಡುವ ಕಡೆಗಳಲ್ಲಿ ಈ ವಿಷಯವು ಇನ್ನೂ ಮುಖ್ಯವಾದದ್ದು. ಗುತ್ತಿಗೆಯ ಗಡುವು ತೀರುವ ದಿನ ಸಮೀಪಿಸಿದಾಗ, ಮುಂದಿನ ತಿಂಗಳ ಬೆಳವಣಿಗೆಯು ತನಗೆ ಸೇರದ ಗುತ್ತಿಗೆದಾರನು ಮರಿ ಬಲಿತದ್ದು ಎನ್ನದೆ ಎಲ್ಲವನ್ನೂ ಬಾಚುವುದು ಆಶ್ಚರ್ಯವಲ್ಲ. ತಪ್ಪು ಮನುಷ್ಯನದೆನ್ನುವುದಕ್ಕಿಂತ ಗಡುವಿನದೆನ್ನಬೇಕು. ಎರಡು ಮೂರು ವರ್ಷಗಳ ಪುಸ್ತಕವು ಊರಿನಲ್ಲಿದ್ದರೆ, ದೊಡ್ಡ ತಂಡವು ಯಾವ ಪಕ್ಷದಲ್ಲಿ ಬರುವುದು, ಯಾವ ಪಕ್ಷದಲ್ಲಿ ಬಲಿಯುವುದು ಎಂಬುದು ತಿಳಿದು, ಗಡುವನ್ನೂ ಬಲೆಯ ಕಣ್ಣಿನ ಅಳತೆಯನ್ನೂ ಅದಕ್ಕೆ ತಕ್ಕಂತೆ ಕರಾರಿನಲ್ಲಿ ಬರೆಯಿಸಬಹುದು. ಮುಂಗಾರಿಗೆ ಮುನ್ನ ಗದ್ದೆಯನ್ನು ಕಗ್ಗದ ಬಿತ್ತನೆಗೆ ತೆರವು ಮಾಡಬೇಕಾಗಿರುವುದರಿಂದ, ಕಾಯುವುದಕ್ಕೂ ಒಂದು ಮಿತಿಯುಂಟು. ತಡವಾಗಿ ಬಂದ ತಂಡವು ಎಷ್ಟೇ ಸಣ್ಣದಿದ್ದರೂ ಆಗ ಅದನ್ನು ಅಳಿವೆಗೆ ಬಿಡುವುದೇ ಮೇಲು.

ಹಾಗೆ ಬಿಟ್ಟದ್ದು ನಷ್ಟವೆಂದು ಎಣಿಸತಕ್ಕದ್ದಲ್ಲ. ಗದ್ದೆಯಲ್ಲಿ ಮೊಟ್ಟೆಯಿಡುವ ಸಿಗಡಿ ಒಂದೂ ಇಲ್ಲ. ಮುಂದಿನ ವರ್ಷದ ಮರಿಗಳು ಸಮುದ್ರವನ್ನು ತಲಪಿದ ತಾಯಿಗಳಿಂದಲೇ ಬರಬೇಕು. ಒಂದು ಊರಿನವರು ಬಿಟ್ಟು ಪಕ್ಕದ ಊರಿನವರು ಬಾಚಿದರೆ ಪ್ರಯೋಜನವಾಗದು. ಒಂದೇ ಅಳಿವೆಯ ನೀರನ್ನು ಹಂಚಿಕೊಂಡ ಊರುಗಳ ಮುಖಂಡರು ಒಂದೆಡೆ ಸೇರಿ, ತಮ್ಮ ತಮ್ಮ ಪುಸ್ತಕಗಳನ್ನು ಹೋಲಿಸಿ ನೋಡಿ, ಬಲೆ ಒಡ್ಡುವ ಪಕ್ಷವನ್ನೂ ಬಿಡುವು ಕೊಡುವ ಪಕ್ಷವನ್ನೂ ಒಮ್ಮತದಿಂದ ಗೊತ್ತುಮಾಡುವುದು ಉಚಿತ.

ಮುಂದಿನ ಕೊಯ್ಲು ಮುಗಿದು ತೂಬು ತೆರೆದ ಮೊದಲನೆಯ ಅಮಾವಾಸ್ಯೆಯಂದೇ ಊರಿಗೊಂದು ಹಲಗೆಯನ್ನೂ ಒಂದು ಪುಸ್ತಕವನ್ನೂ ಇಟ್ಟು ಅಳತೆಯನ್ನು ಪ್ರಾರಂಭಿಸತಕ್ಕದ್ದು. ಮೊದಲನೆಯ ವರ್ಷದಲ್ಲಿ ಲೆಕ್ಕವು ಸಂದಿಗ್ಧವಾಗಿ ತೋರಿದರೂ ಬಿಡದೆ ನಡೆಸಿದರೆ, ಎರಡನೆಯ ವರ್ಷಕ್ಕೆ ಗುಡ್ಡಗಳ ಗುರುತು ಹತ್ತುವುದು; ಮೂರನೆಯ ವರ್ಷಕ್ಕೆ ಬಲೆಯ ದಿನವನ್ನು ಪುಸ್ತಕವೇ ಹೇಳುವುದು.